ಬೀಗ ಬೇರೆ, ಸಹಿ ಬೇರೆ

ದುಬಾರೆಗೆ ಬರುವವರ ಕಣ್ಣೆಲ್ಲ ಕಾವೇರಿಯಲ್ಲಿ ಮೀಯುವ ಆನೆಗಳ ಮೇಲೆ. ಆದರೆ ನಂಜರಾಯಪಟ್ಟಣ, ಕುಶಾಲನಗರದ ಕಡೆಯ ಹೋಂಸ್ಟೇಗಳಿಗೆ ಎಷ್ಟೋ ಸಲ ಅತಿಥಿಗಿಂತ ಮೊದಲು ಅವರ ಪಾಸ್‌ಪೋರ್ಟ್ ಬಂದು ಕೂತಿರುತ್ತದೆ, ಇ-ಮೇಲ್‌ನಲ್ಲಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಅನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಆ ಅವಸರಕ್ಕೆ ಫೋಟೊ ಪುಟ, ವೀಸಾ ಪುಟ ಎರಡನ್ನೂ ಮುಂಚಿತವಾಗಿ ತರಿಸಿಕೊಳ್ಳುವವರುಂಟು. ಅತಿಥಿ ಊರಿಗೆ ಮರಳಿ, ಎರಡು ಕಾಫಿ ಕೊಯ್ಲು ಮುಗಿದರೂ ಆ ಸ್ಕ್ಯಾನ್ ಇನ್‌ಬಾಕ್ಸ್ ಬಿಟ್ಟು ಕದಲಿರುವುದಿಲ್ಲ.

ಮೇಲ್‌ನಲ್ಲಿ ಬೀಗದ ಗುರುತು ಕಾಣುತ್ತದಲ್ಲ, ಸಾಲದೇ ಎಂದು ಕೇಳಬಹುದು. ಆ ಬೀಗ ದಾರಿಯದ್ದು ಮಾತ್ರ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಯಾರೂ ಓದದಂತೆ ಕಾಯುತ್ತದೆ. ತಲುಪಿದ ಮೇಲೆ ಪಾಸ್‌ವರ್ಡ್ ಕದ್ದವನಿಗೆ ಎಲ್ಲವೂ ತೆರೆದದ್ದೇ. ಕಳಿಸಿದವರಿಂದ ಪಡೆಯುವವರ ತನಕ ಮುಚ್ಚಿಡುವ ಗೂಢಲಿಪೀಕರಣ ಬೇರೆಯೇ ಇದೆ. 1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಹೊರತಂದ ಪಿಜಿಪಿ ಅದನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದಿತು. ಪ್ರತಿಯೊಬ್ಬರಿಗೂ ಎರಡು ಕೀಲಿ: ಊರಿಗೆಲ್ಲ ಹಂಚುವ ಸಾರ್ವಜನಿಕ ಕೀಲಿ, ತನ್ನಲ್ಲೇ ಉಳಿಯುವ ಖಾಸಗಿ ಕೀಲಿ. ಮೊದಲನೆಯದರಿಂದ ಮುಚ್ಚಿದ್ದು ಎರಡನೆಯದಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ವಿಷಯದ ಸಾಲು ಮಾತ್ರ ಸಾಮಾನ್ಯವಾಗಿ ಬಯಲಲ್ಲೇ ಇರುತ್ತದೆ. ಅಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರೆದರೆ ಮುಗಿಯಿತು.

ತೋಟದ ಕೆಲಸದ ನಡುವೆ ಹೋಂಸ್ಟೇ ನಡೆಸುವವರಿಗೆ ಪಿಜಿಪಿ ಕಲಿಯಿರಿ ಎನ್ನಲು ನನಗೆ ಬಾಯಿ ಬಾರದು. ಅಷ್ಟು ರಗಳೆ ಅದರದ್ದು. ಪಾಸ್‌ವರ್ಡ್ ಹಾಕಿದ ಪಿಡಿಎಫ್ ತರಿಸಿ, ಪಾಸ್‌ವರ್ಡನ್ನು ಫೋನಿನಲ್ಲಿ ಕೇಳಿ, ಫಾರ್ಮ್ ಸಲ್ಲಿಸಿದ ಮೇಲೆ ಮೇಲ್‌ನಲ್ಲಿರುವ ಪ್ರತಿಯನ್ನು ಅಳಿಸಿದರೂ ಎಷ್ಟೋ ವಾಸಿ. ಹಾಗೆಯೇ ಮಳೆಗಾಲದ ರಿಯಾಯಿತಿ ಸುದ್ದಿಯನ್ನು ಹಳೆಯ ಅತಿಥಿಗಳಿಗೆಲ್ಲ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ‘ಬಿಸಿಸಿ’ಯಲ್ಲಿ ಹಾಕಿ. ಒಬ್ಬರ ವಿಳಾಸ ಇನ್ನೊಬ್ಬರಿಗೇಕೆ?

ದುಡ್ಡು ಹೋಗುವುದು ಮಾತ್ರ ಬೇರೆ ಬಾಗಿಲಿನಿಂದ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡ ಇದಕ್ಕೆ ಹಾಕಿ’ ಎಂದು ಹೋಂಸ್ಟೇ ಹೆಸರಲ್ಲೇ ಅತಿಥಿಗೆ ಮೇಲ್ ಬಂದರೆ? ಕಳಿಸಿದವರ ಜಾಗದಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಇಲ್ಲಿ ಬೇಕಾದ್ದು ಡಿಜಿಟಲ್ ಸಹಿ. ಅದು ಬೆಳೆಗಾರರಿಗೆ ಹೊಸದೇನಲ್ಲ. ಆನ್‌ಲೈನ್ ಪಹಣಿಯಲ್ಲಿ, ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಇರುವುದು ಅದೇ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಅದಕ್ಕೆ ಕಾನೂನಿನ ಬಲ ಕೊಟ್ಟಿದೆ. ಸಹಿ ಏನನ್ನೂ ಮುಚ್ಚುವುದಿಲ್ಲ, ಪಹಣಿಯನ್ನು ಯಾರು ಬೇಕಾದರೂ ಓದಬಹುದು. ಆದರೆ ಖಾಸಗಿ ಕೀಲಿಯಿಂದ ಸಹಿಯಾದ ಕಡತದಲ್ಲಿ ಐದು ಸೆಂಟ್ ಜಾಗವನ್ನು ಐವತ್ತೆಂದು ತಿದ್ದಿದರೆ ಸಾರ್ವಜನಿಕ ಕೀಲಿಯೊಂದಿಗೆ ತಾಳೆ ತಪ್ಪುತ್ತದೆ. ಮೇಲ್ ಕೊನೆಗೆ ಅಂಟಿಸುವ ಲೋಗೊ, ಸಹಿಯ ಚಿತ್ರಕ್ಕೆ ಆ ತಾಕತ್ತಿಲ್ಲ.

ಬೀಗ, ಸಹಿ ಎರಡನ್ನೂ ಒಂದೇ ಎಂದು ಬಗೆದರೆ ಆಗುವ ಗೊಂದಲ ಕೋರ್ಟಿನ ತನಕ ಹೋಗಿದೆ ಎಂದೇ ನನ್ನ ಅನಿಸಿಕೆ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಗೂಢಲಿಪೀಕರಣ ಬಳಸುವ ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಸೇವೆಯನ್ನು ನಿರ್ಬಂಧಿಸಲು ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿ ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಆದೇಶಿಸಿದರು. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳನ್ನು ಗುರಿಮಾಡಿ ಅಶ್ಲೀಲ ಮೇಲ್‌ಗಳು ಬಂದಿದ್ದವು. ಅವರ ಸಂಕಟ ಸಣ್ಣದಲ್ಲ. ಆದರೆ ಆ ಮೇಲ್‌ಗಳಲ್ಲಿದ್ದುದನ್ನು ಬೀಗ ಬಚ್ಚಿಟ್ಟಿರಲಿಲ್ಲ, ಪಡೆದವರು ಓದಿಯೇ ನೊಂದರು; ಬಚ್ಚಿಟ್ಟುಕೊಂಡಿದ್ದವನು ಕಳಿಸಿದಾತ. ಅವನನ್ನು ಹಿಡಿಯಲು ಬೀಗವನ್ನೇ ಕಿತ್ತೆಸೆಯಬೇಕಿಲ್ಲ. ಫ್ರಾನ್ಸ್ ಪೊಲೀಸರ ಕೋರಿಕೆ ಸ್ವಿಸ್ ಕಾನೂನಿನ ದಾರಿಯಲ್ಲೇ ಬಂದಾಗ ಇದೇ ಕಂಪನಿ ಹೋರಾಟಗಾರರೊಬ್ಬರ ಐಪಿ ವಿಳಾಸವನ್ನು ಒಪ್ಪಿಸಿದ್ದು 2021ರಲ್ಲಿ ಬಯಲಾಗಿತ್ತು.