ಅಟ್ಟದ ಮೇಲಿದ್ದ ಪ್ಲೇಸ್ಟೇಷನ್

‘ಟಪ್’ ಅಂತ ಒಂದೇ ಶಬ್ದ. ಹಿಂದೆಯೇ ಸುಟ್ಟ ವಾಸನೆ. ನಮ್ಮ ಮನೆಯಲ್ಲಿ ಪ್ಲೇಸ್ಟೇಷನ್ ಬಾಳಿದ್ದು ಅಷ್ಟೇ ಹೊತ್ತು!

ಅದು 2003ರ ಬೇಸಿಗೆ ರಜೆ. ಅಮೆರಿಕದಿಂದ ಬಂದಿದ್ದ ಚಿಕ್ಕಪ್ಪ, ಮಗ ಆಡಿ ಬಿಟ್ಟಿದ್ದ ಪ್ಲೇಸ್ಟೇಷನ್ ತಂದುಕೊಟ್ಟಿದ್ದರು. 1995ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಮೊದಲ ಮಾದರಿ. ‘ಕನ್ವರ್ಟರ್ ತರೋವರೆಗೂ ಪ್ಲಗ್ ಹಾಕ್ಬೇಡಿ’ ಅಂತ ಹೇಳಿಯೇ ಹೋಗಿದ್ದರು. ಹತ್ತು ವರ್ಷದ ನನಗೆ ಅಷ್ಟು ತಾಳ್ಮೆ ಎಲ್ಲಿ? ಅಣ್ಣ ಅಂಗಡಿಗೆ ಹೋದಾಗ ಸ್ವಿಚ್ ಒತ್ತಿಬಿಟ್ಟೆ.

ಸಂಜೆ ಅಪ್ಪ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ‘ನಾನೇ ಹಾಕಿದ್ದು’ ಅಂದ ಅಣ್ಣ. ಏಟು ಅವನಿಗೆ ಬಿತ್ತು. ಪ್ಲೇಸ್ಟೇಷನ್ ಅಟ್ಟ ಸೇರಿತು.

ಈಚೆಗೆ ಅಟ್ಟ ಕ್ಲೀನ್ ಮಾಡುವಾಗ ಮತ್ತೆ ಕೈಗೆ ಸಿಕ್ಕಿತು. ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡೋಣ ಅನ್ನಿಸಿತು.

ಹಿಂಬದಿಯ ಲೇಬಲ್‌ನಲ್ಲಿ 120 ವೋಲ್ಟ್ ಅಂತ ಸ್ಪಷ್ಟವಾಗಿತ್ತು. ನಮ್ಮ ಮನೆಗೆ ಬರುವುದು 230. ಒಳಗಿನ ಪವರ್ ಸಪ್ಲೈ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿ, ಒಂದು ದಪ್ಪ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ. 120 ಕೊಟ್ಟರೆ ಅಲ್ಲಿ ಸುಮಾರು 170 ವೋಲ್ಟ್ ಇರುತ್ತದೆ. 230 ಕೊಟ್ಟರೆ ಸುಮಾರು 325! ಆ ಕೆಪಾಸಿಟರ್ ಮೇಲೆ ಬರೆದಿದ್ದು ಬರೀ 200.

ಅದರ ತಲೆ ಉಬ್ಬಿತ್ತು. ಪಕ್ಕದ ವೇರಿಸ್ಟರ್ ಸೀಳಿತ್ತು. ಫ್ಯೂಸ್ ಕಪ್ಪಾಗಿತ್ತು. ವೋಲ್ಟೇಜ್ ಮಿತಿ ಮೀರಿದರೆ ವೇರಿಸ್ಟರ್ ಕರೆಂಟನ್ನು ತನ್ನ ಮೂಲಕವೇ ಎಳೆದುಕೊಳ್ಳುತ್ತದೆ, ಆ ಹೊರೆಗೆ ಫ್ಯೂಸ್ ಸುಟ್ಟು ಲೈನ್ ಕಟ್ ಆಗುತ್ತದೆ. ಮುಂದಿನ ಭಾಗಗಳು ಉಳಿದುಕೊಳ್ಳುತ್ತವೆ. ಮಲ್ಟಿಮೀಟರ್ ಹಿಡಿದು ಡಯೋಡ್, ಟ್ರಾನ್ಸಿಸ್ಟರ್ ಎಲ್ಲ ನೋಡಿದೆ. ಎಲ್ಲೂ ಶಾರ್ಟ್ ಇರಲಿಲ್ಲ. ಇಷ್ಟು ವರ್ಷ ನಾವು ಸತ್ತಿದೆ ಅಂದುಕೊಂಡಿದ್ದು ಬರೀ ಮೂರು ಬಿಡಿಭಾಗ!

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅದೇ ಅಳತೆಯ ಮೂರೂ ಸಿಕ್ಕವು. ಬೆಸುಗೆ ಹಾಕಿದ ಮೇಲೂ ನೇರವಾಗಿ ಪ್ಲಗ್ ಹಾಕಲಿಲ್ಲ. ಈ ಸಲ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು, ಅದರ ಹಿಂದೆ ಸೀರೀಸ್‌ನಲ್ಲಿ ಒಂದು ಹಳೇ ಬಲ್ಬ್ ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತಲೇ ಇರುತ್ತದೆ. ನನ್ನದು ಒಮ್ಮೆ ಮಿಂಚಿ ಮಂಕಾಯಿತು. ಅತ್ತ ಕಡೆ ಮೀಟರ್ ಇಟ್ಟರೆ 7.5 ಮತ್ತು 3.5 ವೋಲ್ಟ್, ಎರಡೂ ಸರಿ. ಹಸಿರು ದೀಪ ಹತ್ತಿದಾಗ ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ.

ನೀವೂ ಕೈ ಹಾಕುವುದಾದರೆ ನೆನಪಿರಲಿ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ಮುಟ್ಟಿ. ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಕೊಡುವುದೇ ವಾಸಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಲೇಬೇಡಿ. ವಿದೇಶದಿಂದ ಏನೇ ತರಿಸಿದರೂ ಲೇಬಲ್ ಓದಿ: 100–240 ಅಂತಿದ್ದರೆ ಚಿಂತೆಯಿಲ್ಲ, ಬರೀ 120 ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ನಾನು ಅವತ್ತು ಸಿಕ್ಕಿಸಿದ್ದು ಅದನ್ನೇ.

ಭಾನುವಾರ ಅಣ್ಣ ಮಗನನ್ನು ಕರಕೊಂಡು ಬಂದಿದ್ದ. ಟಿ.ವಿ.ಯಲ್ಲಿ ಕಾರು ಓಡುತ್ತಿತ್ತು. ಅಪ್ಪ ಪೇಪರ್ ಓದುತ್ತಿದ್ದರು.

‘ಅಪ್ಪ, ಅವತ್ತು ಇದನ್ನ ಸುಟ್ಟಿದ್ದು ಅಣ್ಣ ಅಲ್ಲ. ನಾನು.’

ಅಪ್ಪ ಪೇಪರ್ ಕೆಳಗಿಟ್ಟು ಅಣ್ಣನ ಮುಖ ನೋಡಿದರು. ‘ಮತ್ಯಾಕೋ ನಾನೇ ಅಂದೆ?’

‘ಇವಳು ಆಗ್ಲೇ ನಡುಗ್ತಾ ಇದ್ಳು’ ಅಂದ ಅಣ್ಣ, ಟಿ.ವಿ.ಯಿಂದ ಕಣ್ಣು ತೆಗೆಯದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅವತ್ತು ಜೋರಾಗೇ ಹೊಡೆದಿದ್ದೆ ಕಣೋ’ ಅಂದರು. ಪೇಪರ್ ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಮೊಮ್ಮಗನ ಪಕ್ಕ ಹೋಗಿ ಕೂತರು.