ಹೊಲಿಗೆ ಯಂತ್ರದ ಸ್ವಿಚ್ಚು: ಆರಿಸಬೇಕೆ, ಬೇಡವೆ?

ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿದ್ದ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಾಲು ನಿಂತರೆ ಯಂತ್ರವೂ ನಿಲ್ಲುತ್ತಿತ್ತು. ವಿದ್ಯುತ್ ಮೋಟಾರು ಕೂಡಿದ ಮೇಲೆ ದುಡಿಮೆ ಹಗುರಾಯಿತು. ಅದರೊಡನೆ ಹೊಸದೊಂದು ಹೊಣೆಯೂ ಬಂದಿತು. ಒಲೆಯ ಮೇಲಿನ ಹಾಲು ನೋಡಲೆಂದೋ, ಬಾಗಿಲಿಗೆ ಬಂದವರನ್ನು ಮಾತನಾಡಿಸಲೆಂದೋ ನಡುವೆ ಎದ್ದುಹೋಗುವ ಗೃಹಿಣಿ ಪ್ರತಿ ಸಲವೂ ಸ್ವಿಚ್ಚು ಆರಿಸಬೇಕೆ?

ಮೊದಲು ಖರ್ಚಿನ ಮಾತು. ಮನೆಬಳಕೆಯ ಯಂತ್ರದಲ್ಲಿ ಪೆಡಲು ಒತ್ತದಿರುವಾಗ ಮೋಟಾರು ತಿರುಗುವುದಿಲ್ಲ. ಆದರೆ ಸೂಜಿಯ ಬಳಿಯ ದೀಪ ಉರಿಯುತ್ತಲೇ ಇರುತ್ತದೆ. ಹಳೆಯ ಯಂತ್ರದ 15 ವ್ಯಾಟಿನ ಬಲ್ಬು ಹಗಲಿರುಳು ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್ ವಿದ್ಯುತ್ ವ್ಯರ್ಥವಾಗುತ್ತದೆ. ಹತ್ತು ನಿಮಿಷದ ವಿರಾಮದಲ್ಲಿ ಆಗುವ ನಷ್ಟ ಮಾತ್ರ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ದರ್ಜಿಯ ಅಂಗಡಿಯ ವಿಚಾರ ಬೇರೆ. ಅಲ್ಲಿನ ಹಳೆಯ ಮಾದರಿಯ ಕ್ಲಚ್ ಮೋಟಾರು ಹೊಲಿಗೆ ನಿಂತಾಗಲೂ ಗುಂಯ್‌ಗುಡುತ್ತ ತಿರುಗುತ್ತಲೇ ಇರುತ್ತದೆ. ಬಿಡುವಾದಾಗ ಅದನ್ನು ನಿಲ್ಲಿಸುವುದರಿಂದ ನಿಜವಾದ ಉಳಿತಾಯವುಂಟು. ಹೊಸ ಸರ್ವೋ ಮೋಟಾರು ಹೊಲಿಯುವಾಗ ಮಾತ್ರ ತಿರುಗುತ್ತದೆ.

ಹಣಕ್ಕಿಂತ ಮಿಗಿಲಾದುದು ಬೆರಳಿನ ಸುರಕ್ಷತೆ. ಸೂಜಿ ಬದಲಿಸುವಾಗ, ದಾರ ಪೋಣಿಸುವಾಗ ನಮ್ಮ ಬೆರಳುಗಳು ಸೂಜಿಯ ಕೆಳಗೇ ಇರುತ್ತವೆ. ಆ ಕ್ಷಣದಲ್ಲಿ ಮರೆತು ನಮ್ಮ ಕಾಲೇ ಪೆಡಲಿನ ಮೇಲೆ ಬಿದ್ದರೂ ಸಾಕು, ಸೂಜಿ ಉಗುರನ್ನು ದಾಟಿ ಇಳಿಯಬಹುದು. ಮೇಜಿನ ಕೆಳಗೆ ಆಡುವ ಮಗು ಪೆಡಲನ್ನು ಅದುಮಿದರೂ ಅಷ್ಟೇ. ಆದುದರಿಂದ ಸೂಜಿಗೆ ಕೈ ಹಚ್ಚುವ ಮೊದಲು, ಎಣ್ಣೆ ಬಿಡುವ ಮೊದಲು, ಒಂದೇ ನಿಮಿಷದ ಕೆಲಸವಾದರೂ ಸ್ವಿಚ್ಚು ಆರಿಸುವುದು ಲೇಸು. ಮಕ್ಕಳಿರುವ ಮನೆಯಲ್ಲಿ ಎದ್ದುಹೋಗುವಾಗಲೂ ಇದೇ ನಿಯಮ. ಪೆಡಲಿನ ಮೇಲೆ ಬಟ್ಟೆಯ ಗಂಟನ್ನಂತೂ ಇಡಲೇಬಾರದು. ಅದರ ಭಾರಕ್ಕೆ ಪೆಡಲು ಅರೆಬರೆ ಅದುಮಿದರೆ ಮೋಟಾರು ತಿರುಗದೆಯೇ ವಿದ್ಯುತ್ ಹರಿದು, ಪೆಡಲೂ ಮೋಟಾರೂ ಕಾಯುವ ಅಪಾಯವಿದೆ.

ಕಂಪ್ಯೂಟರ್ ಅಳವಡಿಸಿದ ಯಂತ್ರಗಳಿಗೆ ಇನ್ನೊಂದು ಭಯವಿದೆ. ಕರೆಂಟು ಹೋಗಿ ಮರಳಿ ಬರುವಾಗ, ಸಿಡಿಲಿನ ಹೊತ್ತಿನಲ್ಲಿ, ವೋಲ್ಟೇಜು ಹಠಾತ್ತನೆ ಏರಿ ಒಳಗಿನ ಎಲೆಕ್ಟ್ರಾನಿಕ್ ಫಲಕ ಸುಟ್ಟುಹೋಗಬಹುದು. ಹೊಲಿಗೆಯಿಂದಲೇ ಸಂಸಾರ ತೂಗಿಸುವ ಸೋದರಿಗೆ ಅದು ದುಬಾರಿ ರಿಪೇರಿ ಮಾತ್ರವಲ್ಲ, ಯಂತ್ರ ಮರಳುವವರೆಗೆ ಗಳಿಕೆಯೂ ಇಲ್ಲ. ಕರೆಂಟು ಹೋದೊಡನೆ ಸ್ವಿಚ್ಚು ಆರಿಸಿ, ಅದು ಬಂದು ಸ್ಥಿರವಾದ ಮೇಲೆ ಹಾಕುವುದು ಜಾಣತನ. ಗುಡುಗು ಕೇಳಿಸಿದರೆ ಪ್ಲಗ್ಗನ್ನೇ ಕಿತ್ತಿಡಬೇಕು; ತಂತಿ ಹಿಡಿದು ಎಳೆಯದೆ, ಪ್ಲಗ್ಗನ್ನೇ ಹಿಡಿದು ಕೀಳಬೇಕು.

ಪದೇ ಪದೇ ಆರಿಸಿದರೆ ಯಂತ್ರ ಕೆಡುವುದೆಂಬ ಅಂಜಿಕೆ ಬೇಡ; ಸ್ವಿಚ್ಚು ಇರುವುದೇ ಅದಕ್ಕಾಗಿ. ಇಂತಹ ಎಷ್ಟೋ ಯಂತ್ರಗಳಲ್ಲಿ ನಾವು ಆರಿಸಿಕೊಂಡ ಹೊಲಿಗೆಯ ಅಳತೆ ಅಳಿಸಿಹೋಗುತ್ತದೆ, ನಿಜ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರಾಯಿತು. ಕುಳಿತಲ್ಲೇ ಬಟ್ಟೆ ಮಡಿಸುವಷ್ಟು ಹೊತ್ತು ಯಂತ್ರ ಹಾಗೆಯೇ ಇರಲಿ. ಬೆರಳು ಸೂಜಿಯ ಬಳಿಗೆ ಹೋದಾಗ, ನಾವು ಕೋಣೆಯಿಂದ ಹೊರಗೆ ಹೋದಾಗ ಮಾತ್ರ ಮರೆಯದೆ ಆರಿಸೋಣ.