ಕೊಕ್ಕೊ ಬೀಜ: ಮೂರು ಜಾತಿ, ಆರು ದಿನ

ಕೊಡಗಿನಲ್ಲಿ ಕಾಫಿಯ ಮಾತು ಬಂದರೆ ಮೊದಲ ಪ್ರಶ್ನೆ ‘ಅರೇಬಿಕಾವೋ, ರೋಬಸ್ಟಾವೋ?’ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರಿಗೆ ಕೊಕ್ಕೊ ಅಂದರೆ ಕೊಕ್ಕೊ, ಅಷ್ಟೆ. ಆದರೆ ಅದಕ್ಕೂ ಜಾತಿಗಳುಂಟು. ಕಾಫಿಗಿಂತ ಒಂದು ಹೆಚ್ಚೇ.

ಕ್ರಿಯೊಲ್ಲೊ, ಫೊರಾಸ್ಟೆರೊ, ಟ್ರಿನಿಟಾರಿಯೊ ಎಂದು ಅವುಗಳ ಹೆಸರು. ಕ್ರಿಯೊಲ್ಲೊ ಕಾಯಿ ತುದಿ ಚೂಪಾದದ್ದು, ಮೈಮೇಲೆ ಆಳವಾದ ಗೀರುಗಳು, ಸಿಪ್ಪೆ ತೆಳು. ಒಳಗಿನ ಬೀಜ ದುಂಡಗೆ, ಕೊಯ್ದರೆ ಬಿಳಿ ಇಲ್ಲವೇ ತಿಳಿ ನೇರಳೆ. ಕಹಿ ಕಡಿಮೆ, ಪರಿಮಳ ಹೆಚ್ಚು, ರೋಗಕ್ಕೆ ಮಾತ್ರ ಬಲು ಮೆದು. ಈಸ್ಟ್ ಇಂಡಿಯಾ ಕಂಪನಿಯವರು 1798ರಲ್ಲಿ ತಮಿಳುನಾಡಿನ ಕುಟ್ರಾಲಂನಲ್ಲಿ ನೆಟ್ಟದ್ದು ಇದನ್ನೇ. ಫೊರಾಸ್ಟೆರೊ ಗಟ್ಟಿ ಜೀವ: ದಪ್ಪ ಸಿಪ್ಪೆ, ಚಪ್ಪಟೆ ಬೀಜ, ಒಳಗೆ ಕಡು ನೇರಳೆ, ಬಾಯಿಗಿಟ್ಟರೆ ಒಗರು. ಹಸಿರು ಕಾಯಿ ಹಣ್ಣಾದಾಗ ಹಳದಿಗೆ ತಿರುಗುತ್ತದೆ. ಟ್ರಿನಿಟಾರಿಯೊ ಇವೆರಡರ ಬೆರಕೆ. 1727ರಲ್ಲಿ ಟ್ರಿನಿಡಾಡ್ ದ್ವೀಪದ ಕ್ರಿಯೊಲ್ಲೊ ತೋಟಗಳು ನಾಶವಾದವು. ಆಮೇಲೆ ತಂದು ನೆಟ್ಟ ಫೊರಾಸ್ಟೆರೊ ಅಳಿದುಳಿದ ಗಿಡಗಳೊಡನೆ ಕೂಡಿ ಹುಟ್ಟಿದ ತಳಿ ಇದು.

ನಮ್ಮ ಅಡಿಕೆ ಮರದಡಿಯಲ್ಲಿರುವುದು ಬಹುಪಾಲು ಫೊರಾಸ್ಟೆರೊ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅದರ ಕೊಕ್ಕೊ ಕೆಲಸ ಹೆಚ್ಚಾಗಿ ಗಡಿಯಾಚೆ, ಕರ್ನಾಟಕದ ವಿಟ್ಲದ ಕೇಂದ್ರದಲ್ಲಿ. ಅಲ್ಲಿ ಬೇರೆ ಬೇರೆ ದೇಶಗಳ ತಳಿಗಳನ್ನು ಕೂಡಿಹಾಕಿ, ಅಡ್ಡ ಹಾಯಿಸಿ, ಈ ಮಣ್ಣಿಗೆ ಒಗ್ಗುವ ಸಂಕರ ಗಿಡಗಳನ್ನು ಮಾಡಿದ್ದಾರೆ.

ಇಷ್ಟಾಗಿಯೂ ಚಾಕಲೇಟಿನ ರುಚಿಯನ್ನು ಜಾತಿಯೊಂದೇ ನಿರ್ಧರಿಸುವುದಿಲ್ಲ. ಕಾಯಿ ಒಡೆದ ಮೇಲಿನ ಐದಾರು ದಿನಗಳ ಪಾಲೇ ದೊಡ್ಡದು.

ಕಾಯಿಯೊಂದರಲ್ಲಿ ಮೂವತ್ತರಿಂದ ನಲವತ್ತೈದರಷ್ಟು ಬೀಜ, ಸುತ್ತ ಹುಳಿಸಿಹಿ ಬಿಳಿ ತಿರುಳು. ಮಕ್ಕಳೂ ಅಳಿಲುಗಳೂ ಚೀಪುವುದು ಈ ತಿರುಳನ್ನೇ. (ಅಳಿಲು ತಿರುಳು ಚೀಪಿ ಬೀಜ ಉದುರಿಸಿ ಹೋಗುತ್ತದೆ; ಹೆಕ್ಕುವ ಕೆಲಸ ಮನೆಯವರದು.) ಬೀಜವನ್ನು ತಿರುಳು ಸಮೇತ ಮರದ ಪೆಟ್ಟಿಗೆಗೋ ಬುಟ್ಟಿಗೋ ತುಂಬಿ ಬಾಳೆಲೆ ಮುಚ್ಚಿದರೆ ಹುಳಿ ಬರಲು ಶುರು. ಮೊದಲು ಕಳ್ಳಿನ ವಾಸನೆ, ಆಮೇಲೆ ಮೂಗಿಗೆ ಅಡರುವ ವಿನೆಗರ್. ನಡುವೆ ಮಗುಚಿ ಹಾಕಲು ಕೈಯಿಟ್ಟರೆ ಬಿಸಿ ತಾಗುತ್ತದೆ. ಒಳಗೆ 45 ಡಿಗ್ರಿ ದಾಟಿರುತ್ತದೆ. ಆ ಕಾವಿಗೂ ಹುಳಿಗೂ ಮೊಳಕೆ ಸತ್ತು, ನೇರಳೆ ಬಣ್ಣ ಕಂದಾಗುತ್ತ ಬಂದು, ಒಗರು ಇಳಿಯುತ್ತದೆ. ಕ್ರಿಯೊಲ್ಲೊಗೆ ಮೂರು ದಿನ ಸಾಕು, ಫೊರಾಸ್ಟೆರೊ ಆರು ದಿನ ಕೇಳುತ್ತದೆ. ಒಣಗಿದ ಬೀಜವನ್ನು ಉದ್ದಕ್ಕೆ ಸೀಳಿದರೆ ಗುಟ್ಟು ರಟ್ಟು: ಕಂದು ಬಣ್ಣವಿದ್ದು ಬಿರುಕು ಬಿಟ್ಟಿದ್ದರೆ ಸರಿಯಾಗಿ ಹುಳಿತದ್ದು, ನೇರಳೆಯಿದ್ದರೆ ಅರೆಬರೆ, ಸ್ಲೇಟಿನ ಬಣ್ಣವಿದ್ದರೆ ಹುಳಿಯಲೇ ಇಲ್ಲ.

ಆದರೆ ಇಲ್ಲಿನ ಬಹಳಷ್ಟು ಮಂದಿ ಹಸಿ ಬೀಜವನ್ನೇ ಮಾರುತ್ತಾರೆ. ಅದಕ್ಕೆ ಸೋಮಾರಿತನ ಕಾರಣವಲ್ಲ. ಕೊಯ್ಲಿನ ಒಂದು ಪಾಲು ಮಳೆಗಾಲದ ಬಾಗಿಲಿಗೇ ಬರುತ್ತದೆ. ಅಂಗಳದಲ್ಲಿ ಹರವಿದ್ದು ಒಣಗುವ ಮೊದಲೇ ಬೂಸರು. ಕಾಯಿಗೂ ಕೊಳೆರೋಗ ತಗಲುತ್ತದೆ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣವೇ ಇದಕ್ಕೂ ಮದ್ದು.

ಮಾರುಕಟ್ಟೆಯ ಕತೆಯೂ ಏರಿಳಿತದ್ದೇ. ಎಂಬತ್ತರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ಅನೇಕರು ಗಿಡ ಕಡಿದರು. ಆಗ ಖರೀದಿಗೆ ನಿಂತದ್ದು ಕ್ಯಾಂಪ್ಕೊ. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟ್ ಕಾರ್ಖಾನೆ ತೆರೆಯಿತು. 2024ರಲ್ಲಿ ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ, ಕಡಿದವರ ಮಕ್ಕಳೇ ಮತ್ತೆ ಸಸಿ ಹುಡುಕುವ ಹಾಗಾಯಿತು.

ಕೊಚ್ಚಿಯ ಪಾಲ್ ಅಂಡ್ ಮೈಕ್, ಮೈಸೂರಿನ ನವಿಲೂನದಂಥ ಸಣ್ಣ ತಯಾರಕರು ದಕ್ಷಿಣ ಭಾರತದ ಬೀಜದಿಂದಲೇ ಚಾಕಲೇಟ್ ಮಾಡುತ್ತಿದ್ದಾರೆ. ಇಂಥವರು ಮೊದಲು ನೋಡುವುದು ಬೀಜ ಹೇಗೆ ಹುಳಿತಿದೆ ಎಂಬುದನ್ನು. ಒಂದು ಕಿಲೋ ಒಣ ಬೀಜಕ್ಕೆ ಸುಮಾರು ಮೂರು ಕಿಲೋ ಹಸಿ ಬೇಕು. ಪೆಟ್ಟಿಗೆಯ ಖರ್ಚು, ಮಗುಚುವ ಆಳಿನ ಕೂಲಿ, ಡ್ರೈಯರಿನ ಸೌದೆ ಎಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಬೆಳೆಗಾರ ಹಸಿಯೋ ಒಣವೋ ಎಂದು ನಿರ್ಧರಿಸುವುದು.